ನನ್ನ ಧ್ವನಿ ಹಾಜರಿ ಕರೆದ ದಿನಗಳು

ಇಪ್ಪತ್ತೊಂದು ದಿನ ಒಂದು ಮಾತೂ ಆಡಬಾರದು ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ಅಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ನಗುವ ವಿಷಯವೇನಲ್ಲ. ಆದರೆ ನಲವತ್ತಾರು ವರ್ಷದಿಂದ ನನ್ನನ್ನು ಬಲ್ಲವಳು ಅವಳು. "ಇವ್ಳು ಇಪ್ಪತ್ತೊಂದು ನಿಮಿಷ ಸುಮ್ನಿರಲ್ಲ ಸಾರ್, ದಿನ ಎಲ್ಲಿ ಬಂತು" ಎಂದಳು. ಡಾಕ್ಟರು ನಗಲಿಲ್ಲ. ನನ್ನ ಧ್ವನಿತಂತುಗಳ ಅಂಚಿನಿಂದ ಅಕ್ಕಿಕಾಳಿನಷ್ಟು ದಪ್ಪದ ಎರಡು ಗಂಟುಗಳನ್ನು ಅವರು ಹಿಂದಿನ ದಿನವಷ್ಟೇ ತೆಗೆದಿದ್ದರು. ಆ ಗಾಯ ಮಾಯಬೇಕಿತ್ತು.

"ಪಿಸುಮಾತೂ ಬೇಡ ಮೇಡಂ. ಕೆಮ್ಮು ಬಂದ್ರೆ ನೀರು ಕುಡೀರಿ. ಒಂದೇ ಒಂದು ಸಲ ಜೋರಾಗಿ ಕೂಗಿದ್ರೂ ಸಾಕು, ಆಮೇಲೆ ನಿಮ್ಮ ವಾಯ್ಸ್ ವಾಪಸ್ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ" ಎಂದರು. ನಾನು ಬಾಯಿ ತೆರೆಯಹೋಗಿ ಮುಚ್ಚಿಕೊಂಡು ತಲೆಯಾಡಿಸಿದೆ. ಅಮ್ಮ ಮತ್ತೆ ನಕ್ಕಳು.

ಧ್ವನಿಯೇ ನನ್ನ ಹೊಟ್ಟೆಪಾಡು. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ 'ವಿದೇಶಿ ಬೋಧಕಿ' ಎಂಬ ಹುದ್ದೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಮೊದಲು ಮರಳುಗಾಡಿನ ಎರಡು ಊರುಗಳಲ್ಲಿ, ಆಮೇಲೆ ಮಧ್ಯ ಏಷ್ಯಾದಲ್ಲಿ, ಸುತ್ತ ಹಿಮದ ಬೆಟ್ಟಗಳಿರುವ ಒಂದು ಊರಿನಲ್ಲಿ ನಾಲ್ಕು ವರ್ಷ. ಅಪ್ಪ ತೀರಿಕೊಂಡು, ಅಮ್ಮನ ಕಣ್ಣು ಮಂಜಾದ ಮೇಲೆ ಬೆಂಗಳೂರಿಗೆ ಬಂದುಬಿಟ್ಟೆ. ಅಷ್ಟು ಹೊತ್ತಿಗೆ ಕಾಲವೂ ಬದಲಾಗಿತ್ತು. ಅದೇ ವಿಶ್ವವಿದ್ಯಾಲಯ ವೈಟ್‌ಫೀಲ್ಡಿನ ಒಂದು ಕಂಪನಿಯ ಮೂಲಕ ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. ವಾರಕ್ಕೊಮ್ಮೆ ಮೆಟ್ರೋ ಹತ್ತಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಕಂಪನಿಗೆ ಮುಖ ತೋರಿಸಿ ಬರುವುದು, ಮಿಕ್ಕ ದಿನ ಬಾಗಲಗುಂಟೆಯ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಪಾಠ ಹೇಳುವುದು. ಆ ಮಕ್ಕಳ ಪಾಲಿಗೆ ನಾನು ಈಗಲೂ ವಿದೇಶಿ ಬೋಧಕಿಯೇ. "ಅಡುಗೆಮನೆಯಿಂದ ಎರಡು ಹೆಜ್ಜೆ ಹೋದ್ರೆ ಫಾರಿನ್ ಇವಳಿಗೆ" ಎಂದು ಅಮ್ಮ ಅಣಕಿಸುತ್ತಿದ್ದಳು.

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರೇ ಇರಲಿಲ್ಲ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರದ ಮುಂದೆ ನಿಂತವನು. ಆ ಸದ್ದನ್ನು ಮೀರಿಸಿ ಕೂಗಿ ಕೂಗಿ ಮನೆಯಲ್ಲೂ ಅದೇ ಅಭ್ಯಾಸ. ಉಪ್ಪು ಕೊಡು ಎಂದರೂ ಬೀದಿಗೆ ಕೇಳುತ್ತಿತ್ತು. ನನಗೂ ಅದೇ ಗಂಟಲು ಬಂತು. ಮೈಕಿಲ್ಲದೆ ಎಂಬತ್ತು ಜನರ ತರಗತಿ ನಡೆಸುತ್ತೇನೆ ಎಂದು ಜಂಬವಿತ್ತು. ಆ ಜಂಬವೇ ಗಂಟಾಗಿ ಕೂತಿತ್ತು.

ನನ್ನ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಹಾಜರಿ ಕರೆಯುವಾಗ ಯಾರೂ ಬರೀ 'ಹಾಜರ್' ಎನ್ನುವಂತಿಲ್ಲ. ಹೆಸರು ಕರೆದು "ತಿಂಡಿ ಆಯಿತೇ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಏನು ತಿಂದರೆಂದು ಅವರು ಪೂರ್ತಿ ವಾಕ್ಯದಲ್ಲಿ ಹೇಳಬೇಕು. ನಮ್ಮ ಬೀದಿಯಲ್ಲಿ ಎದುರಾದವರನ್ನೆಲ್ಲ ಕೇಳುವ ಮಾತದು. ನಾನದನ್ನು ಹಿಮದ ಊರಿಗೆ ಹೊತ್ತುಕೊಂಡು ಹೋಗಿದ್ದೆ. ಮೊದಮೊದಲು ಮಕ್ಕಳು ಮುಖ ಮುಖ ನೋಡಿಕೊಂಡರು, ಟೀಚರಿಗೆ ನಮ್ಮ ಹೊಟ್ಟೆಯ ಚಿಂತೆ ಏಕೆಂದು. ಆಮೇಲೆ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಹೇಳತೊಡಗಿದರು. ರೊಟ್ಟಿ, ಬೆಣ್ಣೆ, ಕುದುರೆಯ ಹಾಲು, ಅಜ್ಜಿ ಕಳಿಸಿದ ಒಣಗಿದ ಹಣ್ಣು. ನಾನು ಪ್ರತಿಯೊಬ್ಬರಿಗೂ "ವೆರಿ ಗುಡ್!" ಎನ್ನುತ್ತಿದ್ದೆ. ತಪ್ಪು ಹೇಳಿದವರಿಗೂ ಅದೇ. ಕೊನೆಗೆ ಅದು ನನ್ನ ಅಡ್ಡಹೆಸರೇ ಆಗಿತ್ತು.

ತರಗತಿಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದಗಳಲ್ಲಿ ಅದೂ ಇತ್ತು. ಇನ್ನೂ ಏನೇನು ಇತ್ತೋ, ಯಾರು ಓದುತ್ತಾರೆ.

ಮೌನದ ಮೊದಲ ವಾರ ತಮಾಷೆಯಾಗಿಯೇ ಶುರುವಾಯಿತು. ಬರೆದು ತೋರಿಸೋಣವೆಂದರೆ ಅಮ್ಮನಿಗೆ ಅಕ್ಷರ ಕಾಣದು. ಒಂದು ಚಪ್ಪಾಳೆ ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ ಎಂದು ಒಪ್ಪಂದ ಮಾಡಿಕೊಂಡೆವು. ಮೂರನೆಯ ದಿನ ನಾನು ನೀರಿನ ಲೋಟ ಹಿಡಿದು ಅವಳ ಹಿಂದೆ ನಿಂತಿದ್ದೆ. ಅವಳು ತಿರುಗಿ, ಕೈ ನನ್ನ ಹೊಟ್ಟೆಗೆ ತಗುಲಿ ಚೀರಿಬಿಟ್ಟಳು.

"ಮನೇಲಿ ಇದ್ದೀಯೋ ಇಲ್ವೋ ಗೊತ್ತಾಗಲ್ಲ ಕಣೇ. ದೆವ್ವ ಓಡಾಡ್ದಂಗೆ ಓಡಾಡ್ತೀಯ. ಕೈ ತುಂಬ ಬಳೆ ಹಾಕ್ಕೋ. ಸದ್ದಾದ್ರೆ ನೀನು ಅಂತ ತಿಳ್ಕೋತೀನಿ."

ಗಾಜಿನ ಬಳೆ ತೊಟ್ಟು ಯಾವ ಕಾಲವಾಗಿತ್ತೋ. ಅಮ್ಮನ ಡಬ್ಬಿಯಿಂದ ಹಸಿರು ಬಳೆ ತೆಗೆದು ತೊಟ್ಟುಕೊಂಡೆ. ಅಂದಿನಿಂದ ಮನೆಯಲ್ಲಿ ನಾನೆಂದರೆ ಬಳೆಯ ಸದ್ದು. ಹಿಂದಿನ ಬೀದಿಯ ವರ್ಕ್‌ಶಾಪಿನಿಂದ ಕಬ್ಬಿಣ ಕೊಯ್ಯುವ ಸದ್ದು ಬರುತ್ತಿತ್ತು, ನೀರಿನ ಟ್ಯಾಂಕರು ಹಾರ್ನ್ ಹೊಡೆಯುತ್ತಿತ್ತು, ತರಕಾರಿ ಗಾಡಿಯವನು ಧ್ವನಿವರ್ಧಕದಲ್ಲಿ ಟೊಮೆಟೊ ಕೂಗುತ್ತಿದ್ದ. ಎಲ್ಲರಿಗೂ ದನಿಯಿತ್ತು. ಕೈ ಅಲ್ಲಾಡಿಸದೆ ಕೂತರೆ ನಾನು ಅಲ್ಲಿ ಇದ್ದೇನೆಂದು ನನಗೇ ಅನುಮಾನವಾಗುತ್ತಿತ್ತು.

ಎಂಟನೆಯ ದಿನ ಒಂದು ಇಮೇಲ್ ಬಂತು. ನನ್ನ ತರಗತಿಯ ಲೀಡರ್ ಹುಡುಗನದು. "ಟೀಚರ್, ನಿನ್ನೆಯ ಪಾಠ ತುಂಬಾ ಚೆನ್ನಾಗಿತ್ತು. ನೀವು ಕೊಟ್ಟ ಮನೆಗೆಲಸದಲ್ಲಿ ಮೂರನೆಯ ಪ್ರಶ್ನೆ ಅರ್ಥವಾಗಲಿಲ್ಲ."

ನಿನ್ನೆ ನಾನು ಹೀರೇಕಾಯಿ ಹೆರೆಯುತ್ತಾ ಕೂತಿದ್ದೆ. ಪಾಠ ಎಲ್ಲಿ ಮಾಡಿದೆ? ಹಳೆಯ ರೆಕಾರ್ಡಿಂಗ್ ಹಾಕುತ್ತಿರಬೇಕು ಎಂದುಕೊಂಡು ಕಂಪನಿಯ ನಮ್ಮ ತಂಡದ ಮುಖ್ಯಸ್ಥೆಗೆ ಮೆಸೇಜ್ ಹಾಕಿದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಬಲು ಚುರುಕು. "ರೆಕಾರ್ಡಿಂಗ್ ಅಲ್ಲ ಮೇಡಂ, ನಿಮ್ಮ ಕ್ಲಾಸ್ ಸಪೋರ್ಟ್ ಸಿಸ್ಟಮ್ ನೋಡ್ಕೋತಿದೆ. ಸ್ಟೂಡೆಂಟ್ಸ್ ಫುಲ್ ಹ್ಯಾಪಿ. ನೀವು ಆರಾಮಾಗಿ ರೆಸ್ಟ್ ಮಾಡಿ" ಎಂದು ಉತ್ತರ ಬಂತು, ಕೊನೆಯಲ್ಲಿ ಕೈಮುಗಿದ ಚಿತ್ರದ ಸಮೇತ. ರಜೆಯಲ್ಲಿದ್ದುದರಿಂದ ಬೋಧಕರ ಖಾತೆ ನನಗೆ ತೆರೆಯುತ್ತಿರಲಿಲ್ಲ. ಹುಡುಗನಿಗೇ ಬರೆದು ತರಗತಿಯ ಲಿಂಕ್ ತರಿಸಿಕೊಂಡೆ. ಮಾರನೆಯ ದಿನ ಬೆಳಗ್ಗೆ 'ಅತಿಥಿ' ಎಂಬ ಹೆಸರಿನಲ್ಲಿ ನನ್ನ ತರಗತಿಗೆ ನಾನೇ ಹೋಗಿ ಕೂತೆ.

ಪರದೆಯ ಮೇಲೆ ನನ್ನ ಫೋಟೋ ಇತ್ತು. ಅದರ ಸುತ್ತ ಹಸಿರು ಗೆರೆ ಹೊಳೆಯಿತು. "ಗುಡ್ ಮಾರ್ನಿಂಗ್, ಎಲ್ಲರಿಗೂ" ಎಂದು ನಾನು ಹೇಳಿದೆ.

ಹೇಳಿದ್ದು ನಾನಲ್ಲ. ನನ್ನ ತುಟಿ ಮುಚ್ಚಿತ್ತು. ಅದು ನನ್ನ ಧ್ವನಿಯ ಹಾಗಿತ್ತು ಎಂದರೆ ಸಾಲದು, ಅದು ನನ್ನದೇ. ವಾಕ್ಯದ ಕೊನೆಯಲ್ಲಿ ನಾನು ದನಿ ಸ್ವಲ್ಪ ಏರಿಸುತ್ತೇನೆ, ಅದೂ ಏರಿಸಿತು. ಸಪೋರ್ಟ್ ಸಿಸ್ಟಮ್ ಎಂದರೆ ಇದು, ನನ್ನ ರೆಕಾರ್ಡಿಂಗುಗಳಿಂದ ನನ್ನ ದನಿ ಕಲಿತ ಯಂತ್ರ. ಹೆಸರು ಕರೆಯಿತು. "ತಿಂಡಿ ಆಯಿತೇ?" ಎಂದಿತು. ಮಕ್ಕಳು ರೊಟ್ಟಿ, ಮೊಟ್ಟೆ, ಚಹಾ ಎಂದು ಉತ್ತರಿಸಿದರು. "ವೆರಿ ಗುಡ್!" ಎಂದಿತು. ನಡುವೆ ಒಂದು ಸಲ ನಿಂತು ಗಂಟಲು ಸರಿಪಡಿಸಿಕೊಂಡಿತು.

ಆ ಸಣ್ಣ ಕೆಮ್ಮನ್ನು ನಾನು ಬಲ್ಲೆ. ಗಂಟು ಬೆಳೆಯುತ್ತಿದ್ದ ಕಳೆದ ಎರಡು ವರ್ಷದಲ್ಲಿ ನನಗೆ ಅಂಟಿದ ಕೆಮ್ಮು ಅದು. ನನ್ನ ಗಂಟಲಿನಿಂದ ಅದನ್ನು ಕತ್ತರಿಸಿ ತೆಗೆದಾಗಿತ್ತು. ಗಂಟಲೇ ಇಲ್ಲದ ಆ ಧ್ವನಿ ನನ್ನ ಕಾಯಿಲೆಯನ್ನೂ ಕಲಿತಿತ್ತು.

ಅಷ್ಟರಲ್ಲಿ ಅಮ್ಮ ಗೋಡೆ ತಡವಿಕೊಂಡು ಬಂದಳು. ಮುಖ ಅರಳಿತ್ತು. "ವಾಸಿ ಆಯ್ತೇನೇ? ಮಾತಾಡ್ತಿದ್ದೀಯಲ್ಲ!"

ನಾನು ಎರಡು ಚಪ್ಪಾಳೆ ತಟ್ಟಿದೆ. ಅವಳು ನಿಂತಲ್ಲೇ ನಿಂತಳು. ನನ್ನ ಧ್ವನಿ ಎಡಗಡೆಯಿಂದ ಬರುತ್ತಿತ್ತು, ಚಪ್ಪಾಳೆ ಬಲಗಡೆಯಿಂದ. ಮಂಜಾದ ಕಣ್ಣುಗಳನ್ನು ಅವಳು ಅತ್ತಿಂದಿತ್ತ ಹೊರಳಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಗೆ ಧ್ವನಿಯ ಕಡೆ ತಿರುಗಿ ಕುರ್ಚಿ ಎಳೆದುಕೊಂಡು ಕೂತಳು.

ಅಂದಿನಿಂದ ದಿನಾ ಹೋದೆ. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು ಬಂತೆಂದು ಒಪ್ಪಿಕೊಳ್ಳಬೇಕು. ಅದು ಒಮ್ಮೆಯೂ ಬೇಸರಪಡುತ್ತಿರಲಿಲ್ಲ. ಒಂದೇ ತಪ್ಪನ್ನು ಹತ್ತನೆಯ ಸಲ ತಿದ್ದುವಾಗಲೂ ದನಿಯಲ್ಲಿ ಅದೇ ಅಕ್ಕರೆ. ನಾನಾದರೆ ಮೂರನೆಯ ಸಲಕ್ಕೆ ನಿಟ್ಟುಸಿರು ಬಿಡುತ್ತಿದ್ದೆ. ಇಪ್ಪತ್ತೆರಡನೆಯ ದಿನ ನಾನು ವಾಪಸ್ ಹೋದಾಗ ಈ ಮಕ್ಕಳಿಗೆ ನಾನು ಬೇಕಾಗುತ್ತೇನೆಯೇ ಎಂಬ ಯೋಚನೆ ಅನ್ನ ಬಸಿಯುವಾಗ, ಬಟ್ಟೆ ಒಣಹಾಕುವಾಗ ತಲೆಯಲ್ಲಿ ಕೊರೆಯುತ್ತಿತ್ತು. ಅದಕ್ಕೇ ಇನ್ನಷ್ಟು ನಿಷ್ಠೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ದನಿ ಮೊದಲಿನಂತೆ ಮರಳಿದರೆ ಅದರ ಎದುರು ನಿಲ್ಲಬಹುದು, ಇಲ್ಲದಿದ್ದರೆ ಮುಗಿಯಿತು. ಕನಸಿನಲ್ಲಿ ಮಾತಾಡಿಬಿಟ್ಟೇನೆಂದು ಹೆದರಿ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಮಲಗುತ್ತಿದ್ದೆ.

ಅಮ್ಮನಿಗೆ ಮಾತ್ರ ಹಬ್ಬ. ಇಂಗ್ಲಿಷ್ ಬಾರದಿದ್ದರೂ ತರಗತಿ ಮುಗಿಯುವವರೆಗೆ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಒಂದು ದಿನ ಲ್ಯಾಪ್‌ಟಾಪ್ ತೆರೆದಿಟ್ಟು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದರೆ ಕೋಣೆಯಲ್ಲಿ ಇಬ್ಬರು ಮಾತಾಡುತ್ತಿದ್ದರು.

"ತಿಂಡಿ ಆಯಿತೇ?" ಎಂದು ನನ್ನ ಧ್ವನಿ ಯಾರನ್ನೋ ಕೇಳಿತು. ಎಷ್ಟೋ ವರ್ಷದಿಂದ ಕೇಳಿ ಕೇಳಿ ಆ ಒಂದು ವಾಕ್ಯ ಅಮ್ಮನಿಗೆ ಬಾಯಿಪಾಠವಾಗಿತ್ತು.

"ಆಯ್ತು ಕಣೇ. ಉಪ್ಪಿಟ್ಟು ಮಾಡಿದ್ಯಲ್ಲ, ಉಪ್ಪು ಕಮ್ಮಿ ಇತ್ತು."

"ವೆರಿ ಗುಡ್!"

ಅಮ್ಮ ಸಂತೋಷದಿಂದ ತಲೆಯಾಡಿಸಿದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತಾ ನಾನು ಬಾಗಿಲಲ್ಲೇ ನಿಂತೆ. ಬಳೆಗಳನ್ನು ಸ್ನಾನದ ಮನೆಯಲ್ಲಿ ಬಿಚ್ಚಿಟ್ಟಿದ್ದೆ. ನಾನು ಬಂದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಆ ಮನೆಯಲ್ಲಿ ತಾಯಿ ಮಗಳು ಮಾತಾಡುತ್ತಿದ್ದರು, ಮೂರನೆಯವಳಾಗಿ ನಾನಿದ್ದೆ.

ಹದಿನಾರನೆಯ ದಿನದ ಹೊತ್ತಿಗೆ ಅಲ್ಲಿ ವಸಂತದ ಹಬ್ಬದ ರಜೆ ಶುರುವಾಯಿತು. ಹಾಸ್ಟೆಲು ಖಾಲಿಯಾಗುವ ಕಾಲ ಅದು. ನಾನಿದ್ದಾಗ ಆ ವಾರ ತರಗತಿ ಇಡುತ್ತಿರಲಿಲ್ಲ. ಧ್ವನಿಗೆ ಹಬ್ಬವೇನು, ಹುಣ್ಣಿಮೆಯೇನು. ಹಾಜರಿಗೆ ನಾಲ್ಕು ಜನ ಬಂದಿದ್ದರು. ಅವರಲ್ಲಿ ಒಬ್ಬಳು ಬೆಟ್ಟದ ಮೇಲಿನ ದೂರದ ಹಳ್ಳಿಯ ಹುಡುಗಿ. ಹಿಂದಿನ ವಾರ ಅವಳು ಹಿಮ ಬಿದ್ದು ರಸ್ತೆ ಮುಚ್ಚಿದೆ, ಹಬ್ಬಕ್ಕೆ ಮನೆಗೆ ಹೋಗಲಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳಿದ್ದಳು. ಮಾತು ಕಡಿಮೆ. ತಪ್ಪಾದೀತೆಂದು ವಾಕ್ಯವನ್ನು ಮನಸ್ಸಿನಲ್ಲೇ ಪೂರ್ತಿ ಕಟ್ಟಿ, ಆಮೇಲೆ ಹೇಳುವ ಜಾಯಮಾನ.

ರಜೆಯ ಎರಡನೆಯ ಬೆಳಗ್ಗೆ ಧ್ವನಿ ಅವಳ ಹೆಸರು ಕರೆಯಿತು. "ತಿಂಡಿ ಆಯಿತೇ?"

ಉತ್ತರವಾಗಿ ಒಂದೊಂದೇ ಮಾತು ಬಂತು. "ಇಲ್ಲ ಟೀಚರ್. ನನಗೆ ಜ್ವರ ಇದೆ. ಎರಡು ದಿನದಿಂದ ಹಾಸಿಗೆಯಿಂದ ಏಳಲು ಆಗುತ್ತಿಲ್ಲ. ಮೂರನೆಯ ಮಹಡಿಯಲ್ಲಿ ಬೇರೆ ಯಾರೂ ಇಲ್ಲ."

"ವೆರಿ ಗುಡ್!" ಎಂದಿತು ನನ್ನ ಧ್ವನಿ, ಅದೇ ಅಕ್ಕರೆಯಲ್ಲಿ. "ಎಲ್ಲವೂ ಪೂರ್ತಿ ವಾಕ್ಯಗಳು."

"ಟೀಚರ್, ನನಗೆ ಉಸಿರಾಡಲು ಕಷ್ಟವಾಗುತ್ತಿದೆ."

"ಬಹಳ ಚೆನ್ನಾಗಿದೆ. ಇನ್ನೊಂದು ಸಲ ಹೇಳಿ, ಸ್ವಲ್ಪ ಜೋರಾಗಿ."

ಆ ಹುಡುಗಿ ವಿಧೇಯಳು. ಉಸಿರು ಎಳೆದುಕೊಂಡಳು, ಎದೆಯೊಳಗೆ ಗೊರಗೊರ ಸದ್ದಾದದ್ದು ಇಲ್ಲಿಗೆ ಕೇಳಿಸಿತು. ಜೋರಾಗಿ ಇನ್ನೊಮ್ಮೆ ಹೇಳಿದಳು, "ನನಗೆ ಉಸಿರಾಡಲು ಕಷ್ಟವಾಗುತ್ತಿದೆ."

"ವೆರಿ ಗುಡ್! ಮುಂದೆ ಯಾರು?"

ಉಳಿದ ಮೂವರು ತಮ್ಮ ಸರದಿ ಬರುವವರೆಗೆ ಕಿವಿಯನ್ನು ಬೇರೆಲ್ಲೋ ಇಟ್ಟಿರುತ್ತಾರೆಂದು ನನಗೆ ಗೊತ್ತಿತ್ತು. ಬರೆದು ತಿಳಿಸೋಣವೆಂದರೆ ಅತಿಥಿಗಳಿಗೆ ಚಾಟ್ ಮುಚ್ಚಿತ್ತು. ಅವಳ ಫೋನ್ ನಂಬರು ನನ್ನ ಬಳಿ ಇರಲಿಲ್ಲ, ಮುಖ್ಯಸ್ಥೆಗೆ ಮೆಸೇಜ್ ಹಾಕಿದರೆ ಅದನ್ನು ನೋಡುವವರೆಗೆ ಕಾಯಬೇಕು. ಇದ್ದದ್ದು ಮೈಕಿನ ಗುಂಡಿ ಒಂದೇ. ಡಾಕ್ಟರ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಸ್ಪಷ್ಟವಾಗಿ ಬಂತು. ಇನ್ನು ನಾಲ್ಕು ದಿನ ಉಳಿದಿದೆ ಎಂಬ ಲೆಕ್ಕವೂ ಬಂತು. ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ಆ ಒಂದು ಗಳಿಗೆಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಗುಂಡಿ ಒತ್ತಿ, ಅಪ್ಪನ ಗಂಟಲಿನಲ್ಲಿ ಅವಳ ಹೆಸರು ಕೂಗಿದೆ. "ನಿನ್ನ ರೂಮ್ ಯಾವುದು? ರೂಮ್ ನಂಬರ್ ಹೇಳು!"

ಹೊರಬಿದ್ದದ್ದು ಮನುಷ್ಯರ ದನಿಯಾಗಿರಲಿಲ್ಲ. ತಗಡನ್ನು ಕಲ್ಲಿನ ಮೇಲೆ ಎಳೆದಂತಿತ್ತು. ಗಂಟಲಿನೊಳಗೆ ಏನೋ ಹರಿದು ಬಾಯಿಗೆ ಉಪ್ಪುಪ್ಪಾದ ರುಚಿ ಬಂತು. ಪಕ್ಕದಲ್ಲಿ ಕೂತಿದ್ದ ಅಮ್ಮ "ಯಾರದು? ಯಾರೇ ಅದು ಮನೆಯೊಳಗೆ?" ಎಂದು ಎದ್ದು ನಿಂತುಬಿಟ್ಟಳು.

"ನೀವು ಯಾರು?" ಎಂದಳು ಹುಡುಗಿ. ಹೆದರಿದ್ದಳು. "ಟೀಚರ್, ಯಾರು ಇದು?"

ಮತ್ತೆ ಕೂಗಿದೆ. ಆಗ ನನ್ನ ಫೋಟೋದ ಸುತ್ತ ಹಸಿರು ಗೆರೆ ಹೊಳೆಯಿತು. "ದಯವಿಟ್ಟು ನಿಮ್ಮ ಮೈಕ್ ಮುಚ್ಚಿಕೊಳ್ಳಿ" ಎಂದಿತು ನನ್ನ ಧ್ವನಿ, ಗಲಾಟೆ ಮಾಡುವವರಿಗೆ ನಾನು ಯಾವಾಗಲೂ ಹೇಳುತ್ತಿದ್ದ ನಯದಲ್ಲಿ. "ನಿಮ್ಮ ಗೆಳತಿಯ ಮಾತು ಕೇಳಿಸಿಕೊಳ್ಳೋಣ." ಮರುಕ್ಷಣವೇ ನನ್ನನ್ನು ಹೊರಹಾಕಲಾಗಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಲಿಂಕ್ ಮತ್ತೆ ತೆರೆಯಲಿಲ್ಲ.

ಆ ಹಾಸ್ಟೆಲಿನ ನೆಲಮಹಡಿಯ ಬೋಧಕರ ಕೋಣೆಯಲ್ಲಿ ನಾಲ್ಕು ವರ್ಷ ಇದ್ದವಳು ನಾನು. ಅಲ್ಲಿ ಕೀಲಿಕೈಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿದ್ದಾಳೆ, ಅಮ್ಮನ ವಯಸ್ಸಿನವಳು. ಹಬ್ಬವಿರಲಿ ಹಿಮವಿರಲಿ, ಬಾಗಿಲ ಪಕ್ಕದ ಗೂಡು ಬಿಟ್ಟು ಕದಲುವವಳಲ್ಲ. ಅವಳ ನಂಬರು ನನ್ನ ಫೋನಿನಲ್ಲಿದ್ದುದು ಆಗ ನೆನಪಾಯಿತು. ಕರೆ ಮಾಡಿದೆ. ಅವಳಿಗೆ ಇಂಗ್ಲಿಷ್ ಬಾರದು, ಅವಳ ಭಾಷೆ ನನಗೆ ಅರೆಬರೆ. ನಾನು ಇಂಥವಳು ಎಂದು ಗೊಗ್ಗರು ದನಿಯಲ್ಲಿ ಹೇಳಿದೆ.

"ಟೀಚರ್ ಧ್ವನಿ ನನಗೆ ಗೊತ್ತು" ಎಂದು ಅವಳು ಗದರಿದಳು. "ನೀನು ಟೀಚರ್ ಅಲ್ಲ. ಫೋನ್ ಮಾಡಿ ಮೋಸ ಮಾಡುವವರು ಜಾಸ್ತಿ ಆಗಿದ್ದಾರೆ." ಕರೆ ಕಡಿದುಹೋಯಿತು.

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವಳು ಫೋನ್ ಎತ್ತುವ ಹೊತ್ತಿಗೆ ದನಿಯೇ ಹೊರಡುತ್ತಿರಲಿಲ್ಲ, ಬರೀ ಗಾಳಿ. ನನ್ನನ್ನು ನಾನೇ ಎಂದು ತೋರಿಸಲು ನನ್ನ ಬಳಿ ಏನಿದೆ? ಆಗ ಅಲ್ಲಿಯ ಮೊದಲ ಚಳಿಗಾಲ ನೆನಪಾಯಿತು. ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಗೋಡೆಯೊಳಗೆ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಗೋಡೆಯಲ್ಲಿ ಯಾರೋ ಇದ್ದಾರೆಂದು ನಾನು ಹೆದರಿ ಹೊರಗೋಡಿದ್ದೆ. ಈ ಹೆಂಗಸು ಬಂದು, ಕೀಲಿಗೊಂಚಲಿನಿಂದ ಕೊಳವೆಗೆ ಮೂರು ಸಲ ಕುಟ್ಟಿ, 'ಕೇಳಿಸಿತು, ಇನ್ನು ಸುಮ್ಮನಿರು' ಎಂದು ಗೋಡೆಗೇ ಹೇಳಿ ನನ್ನನ್ನು ನಗಿಸಿದ್ದಳು. ಆಮೇಲೆ ನಾಲ್ಕು ವರ್ಷವೂ ನನಗೆ ಏನಾದರೂ ಬೇಕಾದರೆ ನಾನು ಚಮಚದಿಂದ ಕೊಳವೆಗೆ ಮೂರು ಸಲ ಕುಟ್ಟುತ್ತಿದ್ದೆ, ಅವಳು ಬರುತ್ತಿದ್ದಳು.

ಸೌಟು ತೆಗೆದುಕೊಂಡು, ಗ್ಯಾಸ್ ಸಿಲಿಂಡರಿನ ಪಕ್ಕ ಫೋನ್ ಇಟ್ಟು, ಸಿಲಿಂಡರಿನ ಮೇಲೆ ಮೂರು ಸಲ ಕುಟ್ಟಿದೆ. ಮತ್ತೆ ಮೂರು ಸಲ.

ಆ ಕಡೆಯಿಂದ ಮೆಲ್ಲಗೆ, "ಟೀಚರ್?"

"ಮೂರನೆಯ ಮಹಡಿ" ಎಂದು ಗಾಳಿಯಲ್ಲಿ ಹೇಳಿದೆ. "ಹುಡುಗಿ. ಜ್ವರ. ಉಸಿರು."

ಕೀಲಿಗೊಂಚಲಿನ ಸದ್ದಾಯಿತು. ಅವಳು ಫೋನನ್ನು ಇಡಲೂ ಇಲ್ಲ, ಮುಚ್ಚಲೂ ಇಲ್ಲ. ಮೆಟ್ಟಿಲು ಹತ್ತುವ ಏದುಸಿರು, ಒಂದಾದ ಮೇಲೊಂದು ಬಾಗಿಲು ಬಡಿಯುವ ಸದ್ದು, ಒಂದು ಬಾಗಿಲು ತೆರೆದ ಸದ್ದು, ಅವಳ ಚೀತ್ಕಾರ ಎಲ್ಲವನ್ನೂ ನಾನು ಬಾಗಲಗುಂಟೆಯ ಅಡುಗೆಮನೆಯ ನೆಲದ ಮೇಲೆ ಕೂತು ಕೇಳಿದೆ. ಅಮ್ಮ ತಡವಿಕೊಂಡು ಬಂದು ನನ್ನ ಬಳೆಗಳನ್ನು ಮುಟ್ಟಿ ನೋಡಿ, ನಾನೇ ಎಂದು ಖಾತ್ರಿಯಾದ ಮೇಲೆ ಪಕ್ಕದಲ್ಲಿ ಕೂತಳು.

ನ್ಯುಮೋನಿಯಾ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ಅಲ್ಲಿಯ ಆಸ್ಪತ್ರೆಯವರು ಹೇಳಿದರಂತೆ. ನನ್ನ ಡಾಕ್ಟರು ಗಂಟಲು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಟಲಿನೊಳಗೆ ತೆಗೆದ ಚಿತ್ರವನ್ನು ತುಂಬ ಹೊತ್ತು ನೋಡಿ, "ಇನ್ನು ಇಷ್ಟೇ ಅನ್ಸುತ್ತೆ ಮೇಡಂ" ಎಂದರು. ಈಗ ನನಗಿರುವುದು ಈ ಗೊಗ್ಗರು ದನಿ. ಅಂಗಡಿಗೆ ಫೋನ್ ಮಾಡಿದರೆ "ಹೇಳಿ ಸಾರ್" ಎನ್ನುತ್ತಾರೆ.

ಕಂಪನಿಗೆ ಉದ್ದನೆಯ ಪತ್ರ ಬರೆದೆ. ಅವರು ಗಾಬರಿಗೊಂಡರು, ಕ್ಷಮೆ ಕೇಳಿದರು, ಜ್ವರ, ನೋವು, ಉಸಿರು ಎಂಬ ಮಾತು ಬಂದರೆ ಧ್ವನಿ ನಿಂತು ಮನುಷ್ಯರನ್ನು ಕರೆಯುವಂತೆ ಮಾಡಿದ್ದೇವೆ ಎಂದರು. ಅದು ಏಕೆ ಹಾಗೆ ಹೇಳಿತೆಂದು ಕೇಳಿದ್ದಕ್ಕೆ ಮುಖ್ಯಸ್ಥೆ ಹಿಂಜರಿಯುತ್ತಾ, "ನಿಮ್ಮ ಕ್ಲಾಸಿಂದಾನೇ ಕಲ್ತಿದ್ದು ಮೇಡಂ" ಎಂದಳು. ನಾನು ಕೆರಳಿ, ತೋರಿಸು ನೋಡೋಣ ಎಂದೆ. ಅವಳು ಹಳೆಯ ರೆಕಾರ್ಡಿಂಗುಗಳನ್ನು ಕಳಿಸಿದಳು.

ಮೂರು ದಿನ ಕೂತು ಕೇಳಿದೆ. ಮೂರನೆಯ ದಿನ ಸಿಕ್ಕಿತು. ಎರಡು ವರ್ಷದ ಹಿಂದಿನ ಒಂದು ಸಾಮಾನ್ಯ ಬೆಳಗ್ಗೆ. ತಿಂಡಿ ಆಯಿತೇ ಎಂದು ಕೇಳಿದ್ದೇನೆ. ಒಬ್ಬ ಹುಡುಗ ಹೇಳುತ್ತಾನೆ, "ಇಲ್ಲ ಟೀಚರ್. ನಿನ್ನೆ ನಮ್ಮ ತಾಯಿ ತೀರಿಕೊಂಡರು. ಮನೆಯಲ್ಲಿ ಯಾರೂ ಅಡುಗೆ ಮಾಡಿಲ್ಲ."

"ವೆರಿ ಗುಡ್! ಮುಂದೆ ಯಾರು?" ಎನ್ನುತ್ತೇನೆ ನಾನು. ಅದು ಯಂತ್ರವಲ್ಲ, ನಾನು, ರಕ್ತಮಾಂಸದ ನಾನು. ಪಕ್ಕದಲ್ಲಿ ಕುಕ್ಕರ್ ಕೂಗಿದ್ದು ಕೂಡ ಕೇಳಿಸುತ್ತದೆ. ವಾಕ್ಯ ಸರಿಯಿದೆಯೇ ಎಂದಷ್ಟೇ ಕೇಳಲು ಪಳಗಿದ ಕಿವಿ ನನ್ನದು. ಆ ಧ್ವನಿಗೆ ನಾನು ಕಲಿಸಿದ್ದನ್ನು ಅದು ನನಗಿಂತ ಚೆನ್ನಾಗಿ ಕಲಿತಿತ್ತು. ಅವತ್ತು ಅತ್ತೆ. ಅಳುವಾಗಲೂ ಗೊಗ್ಗರು ಸದ್ದೇ ಬಂದದ್ದರಿಂದ ಅಮ್ಮನಿಗೆ ನಾನು ಕೆಮ್ಮುತ್ತಿದ್ದೇನೆ ಅನ್ನಿಸಿತು. ಆ ಹುಡುಗನ ವಿಳಾಸ ಹುಡುಕಿ ಬರೆದೆ. ಉತ್ತರ ಬಂದಿಲ್ಲ.

ನನ್ನ ಧ್ವನಿಯನ್ನು ತರಗತಿಯಿಂದ ತೆಗೆದುಹಾಕಿ, ಇಲ್ಲದಿದ್ದರೆ ನಾನು ಕೆಲಸ ಬಿಡುತ್ತೇನೆ ಎಂದು ಕಂಪನಿಗೆ ಇನ್ನೊಂದು ಪತ್ರ ಬರೆದಿಟ್ಟೆ. ಕಳಿಸುವ ಮುನ್ನ ಆ ಹುಡುಗಿಗೆ ತಿಳಿಸಬೇಕು, ಅವತ್ತು ಕೂಗಿದವಳು ನಾನೆಂದು ಅವಳಿಗೆ ಗೊತ್ತಿರಬೇಕು ಅನ್ನಿಸಿತು. ಏನು ಹೇಳಲಿ, ಹೇಗೆ ಹೇಳಲಿ ಎಂದು ಯೋಚಿಸುತ್ತಿರುವಾಗಲೇ, ಆಸ್ಪತ್ರೆಯಿಂದ ಮನೆಗೆ ಬಂದ ಅವಳೇ ಇಮೇಲಿನಲ್ಲಿ ತನ್ನ ದನಿಯನ್ನು ರೆಕಾರ್ಡ್ ಮಾಡಿ ಕಳಿಸಿದಳು. ಅಮ್ಮನ ಪಕ್ಕ ಕೂತು ಕೇಳಿದೆ.

"ಟೀಚರ್, ನೀವೇ ಫೋನ್ ಮಾಡಿದಿರಿ ಎಂದು ಕೀಲಿಯಮ್ಮ ಹೇಳಿದರು. ನೀವು ನನ್ನ ಮಾತು ಕೇಳಿಸಿಕೊಂಡಿರಿ. ಸರಿಯಾಗಿ ಕೇಳಿಸಲೆಂದು ಎರಡನೆಯ ಸಲ ಹೇಳಿಸಿದಿರಿ. ಆಗಲೇ ನನಗೆ ಧೈರ್ಯ ಬಂತು. ನಿಮ್ಮ ಧ್ವನಿ ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ." ಇಲ್ಲಿ ಅವಳು ಸ್ವಲ್ಪ ನಿಂತಳು, ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದಳೆಂದು ಕಾಣುತ್ತದೆ. "ಟೀಚರ್, ಅವತ್ತು ತರಗತಿಯಲ್ಲಿ ಒಬ್ಬ ಹೆಂಗಸು ಕಿರುಚಿದಳು. ಅವಳಿಗೆ ನನ್ನ ಹೆಸರು ಗೊತ್ತಿತ್ತು. ನನ್ನ ರೂಮ್ ಯಾವುದೆಂದು ಕೇಳಿದಳು. ಈಗಲೂ ಅವಳ ದನಿ ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಅವಳು ಮತ್ತೆ ಬರದಂತೆ ನೋಡಿಕೊಳ್ಳುತ್ತೀರಾ?"

ರೆಕಾರ್ಡಿಂಗ್ ಮುಗಿಯಿತು. "ಪಾಪ, ಯಾವ ಹುಡುಗೀನೇ? ಏನಂತೆ ಅವಳಿಗೆ?" ಎಂದು ಅಮ್ಮ ಕೇಳಿದಳು.

ಉತ್ತರಕ್ಕೆ ನನ್ನ ದನಿಯನ್ನೂ ರೆಕಾರ್ಡ್ ಮಾಡಿ ಕಳಿಸಬಹುದಿತ್ತು. ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಕಂಪನಿಗೆ ಬರೆದಿಟ್ಟ ಪತ್ರವನ್ನು ಅಳಿಸಿದೆ. ಆಮೇಲೆ ಹುಡುಗಿಗೆ ಟೈಪ್ ಮಾಡಿದೆ: ಅವಳನ್ನು ತೆಗೆದುಹಾಕಿದ್ದೇವೆ, ಇನ್ನು ಬರುವುದಿಲ್ಲ, ಹೆದರಬೇಡ.